ತಲೆಯ ಸಿಟಿ ಸ್ಕ್ಯಾನ್ ಮತ್ತು ಕಣ್ಣಿನ ಮಸೂರ

ಕೇಳುಗರೆಲ್ಲರಿಗೂ ನಮಸ್ಕಾರ.

ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದಾಗಲೂ, ಪಾರ್ಶ್ವವಾಯುವಿನ ಸಂಶಯ ಬಂದಾಗಲೂ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು, ಎಕ್ಸ್-ಕಿರಣಗಳನ್ನು ಹಾಯಿಸಿ ಒಳಗಿನ ಚಿತ್ರ ತೆಗೆಯುವ ತಲೆಯ ಸಿಟಿ ಸ್ಕ್ಯಾನನ್ನು. ಮೆದುಳಿನೊಳಗಿನ ರಕ್ತಸ್ರಾವವನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡುವ ಈ ಪರೀಕ್ಷೆಗೆ ಅಂಜಿ ಯಾರೂ ಹಿಂಜರಿಯಬಾರದು. ಆದರೆ ಚಿತ್ರ ಬೇಕಾಗಿರುವುದು ಮೆದುಳಿನದು. ಅದರ ಪಕ್ಕದಲ್ಲಿರುವ ಕಣ್ಣು ಕಾರಣವಿಲ್ಲದೆ ವಿಕಿರಣಕ್ಕೆ ಸಿಕ್ಕಬೇಕೇ ಎಂಬುದು ನನ್ನ ಪ್ರಶ್ನೆ.

ತಲೆಯ ಒಂದು ಸ್ಕ್ಯಾನಿನ ವಿಕಿರಣವನ್ನು ಇಡೀ ದೇಹಕ್ಕೆ ಅನ್ವಯಿಸಿ ಲೆಕ್ಕ ಹಾಕಿದರೆ ಸುಮಾರು 2 ಮಿಲಿಸೀವರ್ಟ್ ಆಗುತ್ತದೆ; ಇದು ದೇಹದ ಮೇಲಾಗುವ ವಿಕಿರಣದ ಪರಿಣಾಮವನ್ನು ಅಳೆಯುವ ಮಾನ. ನೆಲ, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಬರುತ್ತದೆ ಎಂದಾಗ ಇದು ಅಲ್ಪವೆನಿಸುವುದು ನಿಜ. ಆದರೆ ಈ ಲೆಕ್ಕದಲ್ಲಿ ಕಣ್ಣಿನ ಪಾಲು ಕಾಣಿಸುವುದಿಲ್ಲ. ಕಿರಣಗಳ ನೇರ ದಾರಿಯಲ್ಲಿ ಸಿಕ್ಕಿದ ಮಸೂರವು ಒಂದೇ ಸ್ಕ್ಯಾನಿನಲ್ಲಿ ಹಲವು ಹತ್ತು ಮಿಲಿಗ್ರೇಗಳಷ್ಟನ್ನು ಹೀರಿಕೊಳ್ಳಬಹುದು; ಅಂಗವೊಂದು ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನವೇ ಮಿಲಿಗ್ರೇ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 2011ರಲ್ಲಿ, ಮಸೂರ ಮಬ್ಬಾಗುವ ಕಣ್ಣಿನ ಪೊರೆಗೆ ಕಾರಣವಾಗಬಲ್ಲ ವಿಕಿರಣದ ಮಿತಿಯನ್ನು ಹಿಂದಿಗಿಂತ ಬಹಳ ಕೆಳಕ್ಕಿಳಿಸಿ 500 ಮಿಲಿಗ್ರೇ ಎಂದು ಗೊತ್ತುಪಡಿಸಿತು. ಒಂದು ಸ್ಕ್ಯಾನ್ ಆ ಮಿತಿಯಿಂದ ಬಹಳ ದೂರವಿದ್ದರೂ, ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾದವರಿಗೆ ಆ ದೂರ ಕಡಿಮೆಯಾಗುತ್ತ ಹೋಗುತ್ತದೆ.

ಇದಕ್ಕಿರುವ ಉಪಾಯ ಸರಳವಾದದ್ದು. ರೋಗಿಯು ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ ಮಲಗಿದರೆ, ಅಥವಾ ತಲೆಯನ್ನು ಸುತ್ತುವರಿದಿರುವ ಯಂತ್ರದ ವರ್ತುಲವನ್ನೇ ಓರೆ ಮಾಡಿದರೆ, ಹುಬ್ಬಿನ ಮೇಲಿನಿಂದ ತಲೆಬುರುಡೆಯ ಹಿಂಭಾಗದ ತಳಕ್ಕೆ ಕಿರಣಗಳು ಹಾಯುತ್ತವೆ. ಮೆದುಳು ಪೂರ್ತಿ ಚಿತ್ರಕ್ಕೆ ಬರುತ್ತದೆ, ಕಣ್ಣುಗಳು ಬಹುಮಟ್ಟಿಗೆ ಹೊರಗುಳಿಯುತ್ತವೆ. ಹೊಸ ಯಂತ್ರಗಳಲ್ಲಿ ಕೆಲವು ಓರೆಯಾಗುವುದಿಲ್ಲವಾದ್ದರಿಂದ, ತಲೆಯನ್ನು ಸರಿಯಾಗಿ ಕೂರಿಸುವ ತಂತ್ರಜ್ಞರ ಕೈಚಳಕವೇ ಅಲ್ಲಿ ಮುಖ್ಯವಾಗುತ್ತದೆ. ಕುತ್ತಿಗೆಗೂ ಪೆಟ್ಟಾಗಿರಬಹುದೆಂಬ ಶಂಕೆಯಿದ್ದಲ್ಲಿ ಮಾತ್ರ ತಲೆಯನ್ನು ಬಾಗಿಸಬಾರದು. ಕಣ್ಣಿನ ಮೇಲೆ ಬಿಸ್ಮತ್ ಲೋಹದ ಹೊದಿಕೆ ಇಡುವ ಪದ್ಧತಿಯೂ ಇದೆ. ಅದು ಚಿತ್ರವನ್ನು ಕೆಡಿಸಬಹುದಾದ್ದರಿಂದ, ತಲೆಯ ಸುತ್ತ ತಿರುಗುವ ಕಿರಣದ ಕೊಳವೆ ಮುಖದ ಎದುರಿಗೆ ಬಂದಾಗ ವಿದ್ಯುತ್ ಪ್ರಮಾಣವನ್ನು ತಗ್ಗಿಸುವ ವ್ಯವಸ್ಥೆಯನ್ನು ಇಂದು ಅನೇಕರು ಮೆಚ್ಚುತ್ತಾರೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ತಲುಪುವುದು ಹೆಚ್ಚಾಗಿ ಚದುರಿದ ಕಿರಣ ಮಾತ್ರ. ಸ್ಕ್ಯಾನನ್ನು ಅನಗತ್ಯವಾಗಿ ಕುತ್ತಿಗೆಗೆ ಇಳಿಸದಿದ್ದರೆ ಆಯಿತು.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2009ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಬೆಳಕಿಗೆ ಬಂದ ಪ್ರಕರಣ ಸಾಕ್ಷಿ. ಮೆದುಳಿನ ರಕ್ತ ಸಂಚಾರವನ್ನು ನೋಡುವ ಸ್ಕ್ಯಾನಿನಲ್ಲಿ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ, ಸುಮಾರು ಹದಿನೆಂಟು ತಿಂಗಳ ಕಾಲ, ಇರಬೇಕಾದದ್ದರ ಎಂಟರಷ್ಟು ವಿಕಿರಣ ಬಿದ್ದಿತ್ತು. ರೋಗಿಯೊಬ್ಬರ ಕೂದಲು ಉದುರಿದ ಮೇಲಷ್ಟೇ ವಿಷಯ ಹೊರಬಿತ್ತು. ವಿಕಿರಣ ಪ್ರಮಾಣದ ಅಂಕಿ ಯಂತ್ರದ ಪರದೆಯ ಮೇಲೆಯೇ ಮೂಡುತ್ತದೆ ಎಂಬುದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ.

ಮಕ್ಕಳ ವಿಷಯದಲ್ಲಿ ನನ್ನ ಕಳಕಳಿ ಇನ್ನೂ ಹೆಚ್ಚು, ಏಕೆಂದರೆ ಅವರ ಅಂಗಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ, ಮುಂದಿರುವ ಆಯುಷ್ಯವೂ ದೀರ್ಘ. ಮೆದುಳಿನಲ್ಲಿ ನೀರು ತುಂಬಿ, ಅದನ್ನು ಹರಿಸಲು ಕೊಳವೆ ಹಾಕಿಸಿಕೊಂಡ ಮಗುವಿಗೆ ಪದೇ ಪದೇ ಸ್ಕ್ಯಾನ್ ಬೇಕಾಗುತ್ತದೆ. ಆದರೆ ಅಲ್ಲಿ ತಿಳಿಯಬೇಕಾದದ್ದು ಮುಖ್ಯವಾಗಿ ಮೆದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗಿವೆಯೇ, ಕೊಳವೆ ಜಾಗದಲ್ಲಿದೆಯೇ ಎಂಬುದಷ್ಟೆ. ಅದಕ್ಕೆ ಕಡಿಮೆ ಪ್ರಮಾಣದ ಸ್ಕ್ಯಾನ್ ಸಾಕಾಗುತ್ತದೆ, ಸೌಲಭ್ಯವಿರುವಲ್ಲಿ ವಿಕಿರಣವೇ ಇಲ್ಲದ ತ್ವರಿತ ಎಂ.ಆರ್.ಐ. ಕೂಡ ಆಗುತ್ತದೆ. ಇದನ್ನು ವೈದ್ಯರಲ್ಲಿ ಕೇಳುವ ಹಕ್ಕು ಆ ಮಗುವಿನ ತಂದೆತಾಯಿಗೆ ಖಂಡಿತ ಇದೆ.