ಡಯಟ್ ಚಾರ್ಟ್ ಬೇಡ, ದಿನದ ಚಾರ್ಟ್ ತನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹದಿಹರೆಯದ ಮಕ್ಕಳ ತೂಕ ಜಾಸ್ತಿ ಆಗುವುದರ ಬಗ್ಗೆ ಮಾತನಾಡಿ ಅಂತ ನನ್ನನ್ನು ಕರೆದಿದ್ದಾರೆ. ಹದಿಹರೆಯ ಅಂದರೆ 10ರಿಂದ 19 ವರ್ಷ. ಐದನೇ ಕ್ಲಾಸಿನಿಂದ ಡಿಗ್ರಿ ಶುರುವಾಗುವವರೆಗೆ ಅಂದುಕೊಳ್ಳಿ. ಬೆಳಗ್ಗೆ ಈ ಹೊತ್ತಿನಲ್ಲಿ ರೇಡಿಯೊ ಕೇಳುವವರು ಯಾರು ಅಂತ ನನಗೆ ಸುಮಾರಾಗಿ ಗೊತ್ತು. ಡಬ್ಬಿಗೆ ಚಿತ್ರಾನ್ನ ತುಂಬುತ್ತಾ, "ಏಳೋ, ವ್ಯಾನ್ ಬರುತ್ತೆ" ಅಂತ ಕೂಗುತ್ತಿರುವ ಅಮ್ಮಂದಿರು. ಹಾಲ್‌ನಲ್ಲಿ ಕಾಫಿ ಹಿಡಿದು ಕೂತಿರುವ ಅಜ್ಜ, ಅಜ್ಜಿ. ನಾನು ಮಾತನಾಡುವುದು ನಿಮ್ಮ ಜೊತೆಗೇ. ಮಕ್ಕಳು ಕೇಳುತ್ತಿಲ್ಲ ಬಿಡಿ, ಅವರಿಗೆ ಇನ್ನೂ ನಿದ್ದೆ. ಆ ನಿದ್ದೆಯ ವಿಷಯಕ್ಕೂ ಬರುತ್ತೇನೆ.

ನಾನು ಮಕ್ಕಳ ಡಾಕ್ಟರು. ತೂಕದ ಸಮಸ್ಯೆ ಅಂತ ಬರುವ ಅಪ್ಪ ಅಮ್ಮಂದಿರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳುವುದು ಒಂದೇ. "ಡಾಕ್ಟ್ರೇ, ಒಂದು ಡಯಟ್ ಚಾರ್ಟ್ ಕೊಟ್ಟುಬಿಡಿ." ನಾನು ಕೊಡುವುದಿಲ್ಲ. ಅವರಿಗೆ ಬೇಜಾರಾಗುತ್ತದೆ. ಫೀಸು ಕೊಟ್ಟು ಬರೀ ಕೈಯಲ್ಲಿ ಹೋಗುವುದು ಯಾರಿಗೆ ಇಷ್ಟ ಹೇಳಿ?

ಕೊಡದೇ ಇರುವುದಕ್ಕೆ ಕಾರಣ ಇದೆ. ತೂಕ ಏರುವುದು ಒಂದು ಅಭ್ಯಾಸದಿಂದ ಅಲ್ಲ. ಊಟ, ಓಡಾಟ, ಸ್ಕ್ರೀನು, ನಿದ್ದೆ, ಈ ನಾಲ್ಕೂ ಸೇರಿ ತೂಕ ಏರಿಸುತ್ತವೆ. ಒಂದನ್ನು ಮಾತ್ರ ಹಿಡಿದುಕೊಂಡು ಜಗ್ಗಿದರೆ ಉಳಿದ ಮೂರು ಸೇರಿ ವಾಪಸ್ ಎಳೆಯುತ್ತವೆ. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ನೋಡಿ. ಇವತ್ತು ಈ ಮಾತನ್ನು ಇನ್ನೂ ಹಲವು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಹಿಂದೊಮ್ಮೆ 12 ದೇಶಗಳ ಮಕ್ಕಳನ್ನು ಒಟ್ಟಿಗೆ ಸೇರಿಸಿ ಒಂದು ದೊಡ್ಡ ಅಧ್ಯಯನ ಮಾಡಿದರು. ಭಾರತದಿಂದ ಅದರಲ್ಲಿದ್ದ ಊರು ಯಾವುದು ಗೊತ್ತಾ? ನಮ್ಮ ಬೆಂಗಳೂರೇ. 9ರಿಂದ 11 ವರ್ಷದ ಮಕ್ಕಳು. ಮೂರು ವಿಷಯ ನೋಡಿದರು. ದಿನಕ್ಕೆ 60 ನಿಮಿಷ ಮೈ ಬೆವರುವಂಥ ಆಟ ಇದೆಯಾ? ಮನರಂಜನೆಗೆ ಅಂತ ಸ್ಕ್ರೀನ್ ನೋಡುವುದು 2 ಗಂಟೆಯ ಒಳಗಿದೆಯಾ? ವಯಸ್ಸಿಗೆ ತಕ್ಕಷ್ಟು ನಿದ್ದೆ ಇದೆಯಾ? ಮೂರೂ ಸರಿಯಾಗಿದ್ದವರು 12 ದೇಶ ಸೇರಿ ನೂರಕ್ಕೆ 7 ಮಕ್ಕಳು ಮಾತ್ರ. ಬೊಜ್ಜು ತೀರಾ ಕಡಿಮೆ ಕಂಡಿದ್ದೂ ಅದೇ ಮಕ್ಕಳಲ್ಲಿ. ಮೂರೂ ಸರಿ ಇರಬೇಕು, ನೋಡಿ. ಒಂದು ಸರಿ ಇದ್ದರೆ ಸಾಲದು.

ಈಗ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಒಂಬತ್ತನೇ ಕ್ಲಾಸು. ವಿಜಯನಗರದ ಕಡೆಯ ಮನೆ. ಅಮ್ಮ ಮತ್ತು ಅಜ್ಜಿಯ ನಡುವೆ ಕೂತಿದ್ದ, ತಲೆ ತಗ್ಗಿಸಿಕೊಂಡು. ಅಮ್ಮ ತುಂಬಾ ಶಿಸ್ತಿನವರು. ಪಟಪಟ ಅಂತ ಹೇಳಿದರು. "ತುಪ್ಪ ನಿಲ್ಲಿಸಿದೀನಿ ಡಾಕ್ಟ್ರೇ. ರಾತ್ರಿ ಅನ್ನ ಇಲ್ಲ, ಎರಡೇ ಚಪಾತಿ. ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಆದ್ರೂ ಏರ್ತಾನೇ ಇದೆ. ಥೈರಾಯ್ಡ್ ಇರಬಹುದಾ?"

ಥೈರಾಯ್ಡ್ ಪರೀಕ್ಷೆ ಆಗಲೇ ಮಾಡಿಸಿಕೊಂಡೇ ಬಂದಿದ್ದರು. ಸರಿಯಾಗೇ ಇತ್ತು. ಇದೂ ಒಂದು ಮಾತು. ಮಗು ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯುತ್ತಿದ್ದರೆ, ಬರೀ ತೂಕಕ್ಕೆ ಥೈರಾಯ್ಡ್ ಕಾರಣ ಆಗಿರುವುದು ಬಹಳ ಅಪರೂಪ. ಎಲ್ಲರೂ ಅದರ ಮೇಲೇ ಯಾಕೆ ಆಸೆ ಇಟ್ಟುಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಮಾತ್ರೆ ನುಂಗಿದರೆ ಮುಗಿಯಿತಲ್ಲ!

ನಾನು ಚೀಟಿ ತಿರುಗಿಸಿ ಹುಡುಗನ ಕೈಗೆ ಪೆನ್ನು ಕೊಟ್ಟೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಗಂಟೆಗಂಟೆಗೂ ಬರಿ ಅಂದೆ. ಅಮ್ಮ ಬಾಯಿ ಹಾಕಲು ಬಂದರು, ನೀವು ಸುಮ್ನಿರಿ ಅಂದೆ. ಅವನು ಬರೆದ.

ಆರೂವರೆಗೆ ಏಳುವುದು. ಏಳೂ ಕಾಲಿಗೆ ವ್ಯಾನು. ತಿಂಡಿ ಇಲ್ಲ, ಟೈಮ್ ಇರಲ್ಲ. ಹತ್ತೂ ಮುಕ್ಕಾಲಿಗೆ ಕ್ಯಾಂಟೀನಿನಲ್ಲಿ ಸಮೋಸ. ಮಧ್ಯಾಹ್ನ ಡಬ್ಬಿ, ಅರ್ಧ ವಾಪಸ್. ನಾಲ್ಕಕ್ಕೆ ಮನೆ. ನಾಲ್ಕೂವರೆಗೆ ತಾತನ ಸ್ಕೂಟರಿನಲ್ಲಿ ಟ್ಯೂಷನ್. ಏಳೂವರೆಗೆ ಟ್ಯೂಷನ್ ಬಿಟ್ಟ ಮೇಲೆ ಬೇಕರಿ. ಖಾರಾ ಬನ್ನು, ಒಂದು ಪಫ್ಸು, ಒಂದು ಬಾಟ್ಲಿ ಕೋಲಾ.

ಅಮ್ಮ ಕಣ್ಣು ಅಗಲ ಮಾಡಿದರು. "ದುಡ್ಡು ಎಲ್ಲಿಂದ ಬಂತೋ?" ಹುಡುಗ ಅಜ್ಜಿಯ ಮುಖ ನೋಡಿದ. ಅಜ್ಜಿ ಒಂಚೂರೂ ಅಳುಕಲಿಲ್ಲ. "ನಾನೇ ಕೊಡೋದು. ಬೆಳಗ್ಗೆ ತಿಂಡಿ ಇಲ್ಲದೆ ಕಳಿಸ್ತೀಯ, ರಾತ್ರಿ ಎರಡು ಚಪಾತಿ ಹಾಕ್ತೀಯ. ಮಗು ಹಸ್ಕೊಂಡು ಸಾಯಬೇಕಾ?" ಅಂದರು. ಆಮೇಲೆ ನನ್ನ ಕೋಣೆಯಲ್ಲಿ ಅತ್ತೆ ಸೊಸೆಗೆ ಚೆನ್ನಾಗಿಯೇ ನಡೆಯಿತು. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು. ಹುಡುಗ ಮೊದಲ ಸಲ ನಕ್ಕ.

ನಿಜ ಹೇಳಬೇಕು ಅಂದರೆ ಅಜ್ಜಿಯ ಲೆಕ್ಕ ಸರಿ ಇತ್ತು. ಊಟದ ಹೊತ್ತಿಗೆ ಹೊಟ್ಟೆ ತುಂಬದ ಮಗು ಬೇಕರಿಯಲ್ಲಿ ತುಂಬಿಸಿಕೊಳ್ಳುತ್ತದೆ.

ಅವನ ಚೀಟಿ ಇನ್ನೂ ಮುಗಿದಿರಲಿಲ್ಲ. ರಾತ್ರಿ ಊಟ ಹತ್ತು ಗಂಟೆಗೆ. ಯಾಕೆ? ಅಪ್ಪನ ಆಫೀಸು ವೈಟ್‌ಫೀಲ್ಡ್ ಕಡೆ, ಟ್ರಾಫಿಕ್ ದಾಟಿ ಅವರು ಮನೆ ಸೇರುವುದೇ ಅಷ್ಟು ಹೊತ್ತಿಗೆ. ಎಲ್ಲರೂ ಒಟ್ಟಿಗೆ ಟಿವಿ ಮುಂದೆ ಊಟ. ಆಮೇಲೆ ಹೋಂವರ್ಕು. ಅದು ಬರುವುದು ವಾಟ್ಸಾಪ್‌ನಲ್ಲಿ, ಆದ್ದರಿಂದ ಫೋನು ಕೈಯಲ್ಲಿ. ಹೋಂವರ್ಕು ಮುಗಿದರೂ ಫೋನು ಮುಗಿಯುವುದಿಲ್ಲ, ಅಲ್ವಾ? ಮಲಗುವುದು ಹನ್ನೆರಡೂವರೆ. ಲೆಕ್ಕ ಹಾಕಿ. ಆರೇ ಗಂಟೆ ನಿದ್ದೆ. 13ರಿಂದ 18 ವರ್ಷದವರಿಗೆ ಬೇಕಾದದ್ದು 8ರಿಂದ 10 ಗಂಟೆ.

ನೋಡಿ, ಈ ಮನೆಯಲ್ಲಿ ತುಪ್ಪ ನಿಲ್ಲಿಸಿದರೆ ಏನು ಬಂತು? ತಡವಾಗಿ ಮಲಗಿದ, ಅದಕ್ಕೆ ತಡವಾಗಿ ಎದ್ದ. ತಡವಾಗಿ ಎದ್ದ, ಅದಕ್ಕೆ ತಿಂಡಿ ತಪ್ಪಿತು. ತಿಂಡಿ ತಪ್ಪಿತು, ಅದಕ್ಕೆ ಸಮೋಸ, ಪಫ್ಸು. ಸಂಜೆ ಪೂರ್ತಿ ಟ್ಯೂಷನ್, ಅದಕ್ಕೆ ಆಟ ಇಲ್ಲ. ಎಲ್ಲಾ ಒಂದೇ ಬಳ್ಳಿಯ ಕಾಯಿಗಳು. ನಾವು ಒಂದು ಕಾಯಿ ಕಿತ್ತು ಬಿಸಾಕಿ ಬಳ್ಳಿಗೆ ದಿನಾ ನೀರು ಹಾಕುತ್ತಿದ್ದೇವೆ.

ಹುಡುಗನನ್ನೇ ಕೇಳಿದೆ. ಇದರಲ್ಲಿ ನಿನಗೆ ಬದಲಾಯಿಸಲು ಸುಲಭ ಯಾವುದಪ್ಪಾ? ಅವನು ತಕ್ಷಣ ಹೇಳಿದ. "ಟ್ಯೂಷನ್‌ಗೆ ತಾತನ ಸ್ಕೂಟರ್ ಬೇಡ, ಫ್ರೆಂಡ್ ಜೊತೆ ನಡ್ಕೊಂಡು ಹೋಗ್ತೀನಿ. ಎಲ್ಲರೂ ನಗ್ತಾರೆ." ಅಮ್ಮನಿಗೆ ಟ್ರಾಫಿಕ್ ಭಯ. ಅಜ್ಜಿ ಒಪ್ಪಿಸಿದರು. ರಾತ್ರಿ ಊಟ ಅಪ್ಪನಿಗೆ ಕಾಯದೆ ಎಂಟಕ್ಕೆ, ಅಜ್ಜಿಯ ಜೊತೆ, ಟಿವಿ ಇಲ್ಲದೆ. ಹತ್ತಕ್ಕೆ ಮನೆಯ ಎಲ್ಲ ಫೋನೂ ಫ್ರಿಜ್ ಮೇಲೆ. ಎಲ್ಲ ಅಂದರೆ ಅಪ್ಪನದೂ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಬೈದರೆ ಯಾರು ಕೇಳುತ್ತಾರೆ? ಇನ್ನು ಬೆಳಗ್ಗೆ ತಿಂಡಿ ಕಡ್ಡಾಯ. ದೋಸೆಗೆ ಒಂದು ಚಮಚ ತುಪ್ಪ ಹಾಕಿ ಅಂತ ನಾನೇ ಹೇಳಿದೆ. ಅಜ್ಜಿ ನನ್ನನ್ನು ಆಗಲೇ ಒಳ್ಳೆ ಡಾಕ್ಟರು ಅಂತ ಒಪ್ಪಿಕೊಂಡರು ಅನಿಸುತ್ತದೆ.

ಕೆಲವು ತಿಂಗಳು ಬಿಟ್ಟು ಬಂದರು. ಅಮ್ಮನ ಮುಖ ಸಣ್ಣದಾಗಿತ್ತು. "ಒಂದು ಕೆಜೀನೂ ಇಳಿದಿಲ್ಲ ಡಾಕ್ಟ್ರೇ." ನಾನು ಎತ್ತರ ಅಳೆದೆ. ಚೆನ್ನಾಗಿ ಬೆಳೆದಿದ್ದ. ಬೆಳೆಯುವ ಮಕ್ಕಳಿಗೆ ತೂಕ ಇಳಿಯಲೇಬೇಕು ಅಂತಿಲ್ಲ. ತೂಕ ನಿಂತು ಎತ್ತರ ಏರಿದರೆ ಅದೇ ಗೆಲುವು. ಅದಕ್ಕೇ ನಾವು ಬರೀ ತೂಕ ನೋಡುವುದಿಲ್ಲ, ವಯಸ್ಸು, ಎತ್ತರ, ತೂಕ ಮೂರನ್ನೂ ಸೇರಿಸಿ ಚಾರ್ಟಿನಲ್ಲಿ ಗುರುತು ಹಾಕುತ್ತೇವೆ. ಭಾರತದ ಮಕ್ಕಳಿಗೇ ಅಂತ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಮಾಡಿದ ಚಾರ್ಟ್ ಇದೆ. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕವನ್ನು ಮೊಬೈಲಿನಲ್ಲಿ ಹಾಕಿ ಮಕ್ಕಳನ್ನು ಹೆದರಿಸಬೇಡಿ.

ಕಥೆ ಉದ್ದ ಆಯಿತು, ನನಗೆ ಕೊಟ್ಟ ಹೊತ್ತು ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಬೇಗ ಬೇಗ ಹೇಳುತ್ತೇನೆ.

ನಿದ್ದೆ. ಹದಿಹರೆಯ ಶುರುವಾದಾಗ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ರಾತ್ರಿ ನಿದ್ದೆ ತಡವಾಗಿ ಬರುತ್ತದೆ. ಇದು ಸೋಮಾರಿತನ ಅಲ್ಲ. ಅದರ ಮೇಲೆ ಫೋನಿನ ಬೆಳಕು ಬಿದ್ದರೆ ಇನ್ನೂ ತಡ. ನಿದ್ದೆ ಕಡಿಮೆಯಾದರೆ ಹಸಿವು ತರುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ. ರಾತ್ರಿ ನಿದ್ದೆಗೆಟ್ಟವರಿಗೆ ಮಾರನೇ ದಿನ ಸೌತೆಕಾಯಿ ಬೇಕು ಅನಿಸುವುದಿಲ್ಲ. ಗೋಬಿ ಮಂಚೂರಿ ಬೇಕು ಅನಿಸುತ್ತದೆ. ಗೋಬಿ ಅಂದಾಗ ನೆನಪಾಯಿತು. 2024ರಲ್ಲಿ ನಮ್ಮ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂದಿತು. ಒಳ್ಳೆಯದೇ. ಬಣ್ಣ ಹೋದರೂ ಎಣ್ಣೆ ಅಲ್ಲೇ ಇದೆ, ಸ್ವಾಮಿ.

ಆಟ. ದಿನಕ್ಕೆ 60 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ 11ರಿಂದ 17 ವರ್ಷದ ಐವರು ಮಕ್ಕಳಲ್ಲಿ ನಾಲ್ವರಿಗೆ ಇಷ್ಟೂ ಸಿಗುತ್ತಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಎಂಟನೇ ಕ್ಲಾಸು ದಾಟಿದರೆ ಆಟ ಬಂದ್. ಎಸ್ಸೆಸ್ಸೆಲ್ಸಿ ಬಂತು ಅಂದರೆ ಪಿಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಪಾರ್ಕಿಗೆ ಹೋದರೆ "ಇಲ್ಲಿ ಚೆಂಡಾಟ ನಿಷೇಧ" ಅಂತ ಬೋರ್ಡು. ಎಲ್ಲಿ ಓಡಬೇಕು ಮಕ್ಕಳು? ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಕೇಳುವಾಗ ಪಿಟಿ ಪೀರಿಯಡ್ ಎಲ್ಲಿ ಹೋಯಿತು ಅಂತಲೂ ಕೇಳಿ. ಜೋರಾಗಿಯೇ ಕೇಳಿ.

ತಿನ್ನುವುದು. 300 ಎಂಎಲ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರೇಳು ಚಮಚ. ಬಾಯಾರಿಕೆಗೆ ನೀರು ಅಥವಾ ಮಜ್ಜಿಗೆ ಸಾಕು. ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಅಂತ 2020ರಿಂದ ನಿಯಮ ಇದೆ. ನಿಮ್ಮ ಮಗುವಿನ ಶಾಲೆ ಮುಂದೆ ಒಂದು ಸಲ ನಿಂತು ನೋಡಿ ಬನ್ನಿ. ನಾನೇನೂ ಹೇಳುವುದಿಲ್ಲ.

ಇನ್ನೊಂದು ಮುಖ್ಯ. ಕತ್ತಿನ ಹಿಂದೆ ಅಥವಾ ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗೆ ಆಗಿದ್ದರೆ ಅದು ಕೊಳೆ ಅಲ್ಲ. ದಯವಿಟ್ಟು ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ದೇಹ ತೋರಿಸುವ ಗುರುತು ಅದು. ಹುಡುಗಿಯರಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಮಗು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಡಾಕ್ಟರ ಹತ್ತಿರ ಬನ್ನಿ. ಮದುವೆ ಮನೆಯಲ್ಲಿ ಎಲ್ಲರ ಮುಂದೆ "ಏನೋ ಗುಂಡಪ್ಪ" ಅಂತ ಕರೆಯುವ ಚಿಕ್ಕಪ್ಪಂದಿರಿಗೂ ಒಂದು ಮಾತು. ಆ ಮಗು ನಗುತ್ತದೆ, ಮನೆಗೆ ಹೋಗಿ ಅಳುತ್ತದೆ, ಆಮೇಲೆ ಆಟದ ಮೈದಾನಕ್ಕೆ ಹೋಗುವುದನ್ನೇ ಬಿಡುತ್ತದೆ. ನಿಮ್ಮ ತಮಾಷೆಯಿಂದ ಇವತ್ತಿನವರೆಗೆ ಯಾರೂ ಸಣ್ಣ ಆಗಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಊಟ, ಓಡಾಟ, ಸ್ಕ್ರೀನು, ನಿದ್ದೆ ನಾಲ್ಕೂ ಇರುವ ಒಂದು ದಿನದ ಚಾರ್ಟ್ ಬರೆದು ತನ್ನಿ. ಭಾನುವಾರದ್ದು ಬೇಡ, ಶಾಲೆ ಇರುವ ದಿನದ್ದು. ಮತ್ತೆ, ಅದನ್ನು ಮಗುವೇ ಬರೆಯಲಿ. ಅಮ್ಮ ಬರೆದರೆ ಬೇಕರಿ ಬಿಟ್ಟುಹೋಗುತ್ತದೆ.

ನಮಸ್ಕಾರ.