ತಲೆಗೆ ಬಿದ್ದ ಪೆಟ್ಟು, ಸ್ಕ್ಯಾನಿಗೆ ಸಿಕ್ಕಷ್ಟು

ಕೇಳುಗರಿಗೆ ನಮಸ್ಕಾರ.

ಬಾಕ್ಸಿಂಗ್, ರಗ್ಬಿ, ಅಮೆರಿಕನ್ ಫುಟ್‌ಬಾಲ್. ಈ ಆಟಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ಅದನ್ನು ಅಪಘಾತ ಎನ್ನಲಾಗದು. ಆಟ ಇರುವುದೇ ಹಾಗೆ. ಬಾಕ್ಸರ್‌ಗಳ ತಡವರಿಸುವ ನಡಿಗೆ, ಮಂಕಾದ ಬುದ್ಧಿಯ ಬಗ್ಗೆ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಇಂಥ ಪೆಟ್ಟುಗಳಿಂದ ಬರುವ ಕಾಯಿಲೆಯನ್ನು ಈಗ ಸಿಟಿಇ, ಅಂದರೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಎನ್ನುತ್ತಾರೆ. ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ. ಅದು ಖಚಿತವಾಗುವುದು ಇಂದಿಗೂ ಮರಣೋತ್ತರ ಪರೀಕ್ಷೆಯಲ್ಲೇ.

2017ರಲ್ಲಿ ಬೋಸ್ಟನ್ನಿನ ಸಂಶೋಧಕರು ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಆಡಿದ್ದ 111 ಮಂದಿಯ ಮಿದುಳು ಪರೀಕ್ಷಿಸಿದರು. 110ರಲ್ಲಿ ಸಿಟಿಇ ಇತ್ತು. ಬೆಚ್ಚಿಬೀಳಿಸುವ ಲೆಕ್ಕ, ನಿಜ. ಆದರೆ ಅವು ದಾನವಾಗಿ ಬಂದ ಮಿದುಳುಗಳು. ತೊಂದರೆ ಕಂಡ ಕುಟುಂಬದವರೇ ದಾನಕ್ಕೆ ಮುಂದಾಗುವುದು ಹೆಚ್ಚು. ಈ ಅಂಕಿಯನ್ನು ಎಲ್ಲ ಆಟಗಾರರಿಗೂ ಹಚ್ಚುವುದು ತಪ್ಪು.

ಬದುಕಿರುವವರ ಮಿದುಳನ್ನು ನೋಡುವುದು ಹೇಗೆ? ಸಿಟಿ ಸ್ಕ್ಯಾನ್ ರಕ್ತಸ್ರಾವ, ಮೂಳೆಮುರಿತ ತೋರಿಸುತ್ತದೆ. ಪೆಟ್ಟು ತಿಂದು ತಲೆ ಸುತ್ತಿ ಬಿದ್ದವರ ಮಾಮೂಲಿ ಎಂಆರ್‌ಐ ಕೂಡ ಅನೇಕ ವೇಳೆ ಸರಿಯಾಗಿಯೇ ಇರುತ್ತದೆ. ಅದಕ್ಕಾಗಿ ಎಂಆರ್‌ಐನ ಇನ್ನೊಂದು ಬಗೆಯಲ್ಲಿ ನೀರಿನ ಅಣುಗಳ ಚಲನೆಯನ್ನು ಅಳೆಯುತ್ತಾರೆ. ಆರೋಗ್ಯವಂತ ನರತಂತುವಿನ ಉದ್ದಕ್ಕೆ ನೀರು ಸರಾಗವಾಗಿ ಸಾಗುತ್ತದೆ, ಅಡ್ಡಕ್ಕೆ ಅಷ್ಟಾಗಿ ಸಾಗದು. ತಂತು ಹಾಳಾದರೆ, ಬದು ಒಡೆದ ಕಾಲುವೆಯಂತೆ, ನೀರು ಅಕ್ಕಪಕ್ಕಕ್ಕೂ ಹರಡುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 37 ಹವ್ಯಾಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್ ಅಲ್ಲ, ಸಾಕರ್) ಆಟಗಾರರನ್ನು ಹೀಗೆ ಪರೀಕ್ಷಿಸಿತು. ವರ್ಷಕ್ಕೆ ಸಾವಿರದ ಆಸುಪಾಸು ಸಲ ತಲೆಯಿಂದ ಚೆಂಡು ಹೊಡೆದವರಲ್ಲಿ ವ್ಯತ್ಯಾಸ ಕಂಡಿತು. ಪ್ರಜ್ಞೆ ತಪ್ಪಿಸುವ ಏಟೇ ಬೇಕೆಂದಿಲ್ಲ ಎಂಬ ಗುಮಾನಿಗೆ ಇದು ಬಲ ಕೊಟ್ಟಿತು.

ಪೆಟ್ ಸ್ಕ್ಯಾನ್ ಟೌ ಪ್ರೋಟೀನನ್ನೇ ಹುಡುಕುತ್ತದೆ. ಅದಕ್ಕೆ ಅಂಟಿಕೊಳ್ಳುವ ವಿಕಿರಣಶೀಲ ದ್ರವ್ಯವನ್ನು ರಕ್ತಕ್ಕೆ ಚುಚ್ಚುತ್ತಾರೆ. 2019ರಲ್ಲಿ 26 ಮಾಜಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು 31 ಇತರರೊಂದಿಗೆ ಹೋಲಿಸಿದಾಗ ಆಟಗಾರರ ಮಿದುಳಿನ ಕೆಲವು ಭಾಗಗಳಲ್ಲಿ ಟೌ ಹೆಚ್ಚಿತ್ತು. ಹೆಚ್ಚು ವರ್ಷ ಆಡಿದವರಲ್ಲಿ ಇನ್ನೂ ಹೆಚ್ಚು. ವಿಚಿತ್ರವೆಂದರೆ, ನೆನಪು ಮತ್ತು ಯೋಚನಾಶಕ್ತಿಯ ಪರೀಕ್ಷೆಗಳ ಅಂಕಗಳಿಗೂ ಈ ಪ್ರಮಾಣಕ್ಕೂ ತಾಳೆಯಾಗಲಿಲ್ಲ.

ಹಾಗಾಗಿ ಸ್ಕ್ಯಾನ್ ಹಿಡಿದು ಬಂದ ಮಾಜಿ ಆಟಗಾರ, “ಡಾಕ್ಟ್ರೇ, ನನಗೂ ಅದೇ ಕಾಯಿಲೆಯೇ?” ಎಂದರೆ ಚಿತ್ರ ನೋಡಿ ಹೌದು, ಅಲ್ಲ ಎನ್ನುವಂತಿಲ್ಲ. ಗುಂಪುಗಳ ನಡುವಿನ ವ್ಯತ್ಯಾಸವೇ ಬೇರೆ, ಒಬ್ಬರ ರೋಗನಿರ್ಣಯವೇ ಬೇರೆ. ವಯಸ್ಸು, ಮದ್ಯಪಾನ ಕೂಡ ಮಿದುಳನ್ನು ಕುಗ್ಗಿಸುತ್ತವೆ. ಆಟಕ್ಕಿಳಿಯುವ ಮೊದಲು ಒಮ್ಮೆ, ಆಮೇಲೆ ದಶಕಗಳವರೆಗೆ ಮತ್ತೆ ಮತ್ತೆ ಅದೇ ವ್ಯಕ್ತಿಯ ಚಿತ್ರ ತೆಗೆದರೆ ಮಾತ್ರ ಯಾವುದು ಆಟದ ಪಾಲು ಎಂದು ಬೇರ್ಪಡಿಸಬಹುದು. ಈಗ ನಿವೃತ್ತರಾಗಿರುವವರಲ್ಲಿ ಹೆಚ್ಚಿನವರಿಗೆ ಆ ಮೊದಲ ಚಿತ್ರವೇ ಇಲ್ಲ.