ಮಾರಾಟವೂ ಒಂದು ಹರಿವು: ಪ್ರಕ್ರಿಯಾ ಎಂಜಿನಿಯರಿಂಗ್ ಕಣ್ಣಿನಿಂದ ಒಂದು ನೋಟ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಪೆಟ್ಟಿಗೆಯನ್ನು ನಿಮ್ಮಲ್ಲಿ ಹಲವರು ಆಗಲೇ ಗಮನಿಸಿದ್ದೀರಿ. ಅದರಲ್ಲಿ ಏನಿದೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ನಾನು ಎಲ್ಲಿಂದ ಬಂದವಳು ಎಂದು ಹೇಳಬೇಕು. ವೃತ್ತಿಯ ಮೊದಲ ಹನ್ನೊಂದು ವರ್ಷಗಳನ್ನು ನಾನು ರಾಸಾಯನಿಕ ಕಾರ್ಖಾನೆಯಲ್ಲಿ ಪ್ರಕ್ರಿಯಾ ಎಂಜಿನಿಯರ್ ಆಗಿ ಕಳೆದೆ. ಆಮೇಲೆ ಕೈಗಾರಿಕಾ ಯಂತ್ರಗಳನ್ನು ಮಾರುವ ಕಂಪನಿಯೊಂದರ ಮಾರಾಟ ವಿಭಾಗಕ್ಕೆ ಬಂದೆ. ಎರಡರ ನಡುವಿನ ವ್ಯತ್ಯಾಸ ಮೊದಲ ತಿಂಗಳಲ್ಲೇ ಕಣ್ಣಿಗೆ ರಾಚಿತು. ಕಾರ್ಖಾನೆಯಲ್ಲಿ ಉತ್ಪನ್ನ ಕೆಟ್ಟರೆ ನಾವು ಉಷ್ಣತೆ, ಒತ್ತಡ, ಹರಿವಿನ ದಾಖಲೆಗಳನ್ನು ಹರಡಿಕೊಂಡು ಕೂರುತ್ತಿದ್ದೆವು. ಮಾರಾಟ ವಿಭಾಗದಲ್ಲಿ ಆರ್ಡರ್ ಕಡಿಮೆಯಾದರೆ ಒಬ್ಬ ಮನುಷ್ಯನನ್ನು ಎದ್ದು ನಿಲ್ಲಿಸುತ್ತಿದ್ದರು.

ಹಾಗೆ ನಿಂತ ಒಬ್ಬ ಸಹೋದ್ಯೋಗಿಯನ್ನು ನಾನು ಇಂದಿಗೂ ಮರೆತಿಲ್ಲ. ಒಂದು ತಿಂಗಳು ಅವರ ತಂಡ 21 ಆರ್ಡರ್ ತಂದಿತು; ಪರಿಶೀಲನಾ ಸಭೆಯಲ್ಲಿ ಚಪ್ಪಾಳೆ ಬಿತ್ತು. ಎರಡು ತಿಂಗಳ ನಂತರ ಬಂದದ್ದು 11. ಅದೇ ಸಭೆಯಲ್ಲಿ, ಅದೇ ಜನರ ಎದುರು, ಅವರು ಅರ್ಧ ಗಂಟೆ ಉತ್ತರ ಕೊಡಬೇಕಾಯಿತು. ಏಕೆ ಕಡಿಮೆಯಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವಂತಿರಲಿಲ್ಲವಾದ್ದರಿಂದ ಏನೋ ಒಂದು ಕಾರಣ ಹುಡುಕಿ ಹೇಳಿದರು. ಆ ಕಾರಣದ ಮೇಲೆ ಒಂದು ಕಾರ್ಯಯೋಜನೆ ಸಿದ್ಧವಾಯಿತು. ಮುಂದಿನ ತಿಂಗಳು 17 ಆರ್ಡರ್ ಬಂದಾಗ ಯೋಜನೆ ಫಲಿಸಿತೆಂದು ಎಲ್ಲರೂ ನಂಬಿದರು.

ತುಂಬ ದಿನಗಳ ಮೇಲೆ ನಾನು ಆ ತಂಡದ 24 ತಿಂಗಳ ಅಂಕಿಗಳನ್ನು ತೆಗೆದು ನೋಡಿದೆ. ಸರಾಸರಿ ತಿಂಗಳಿಗೆ 16. ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಬಿಡಿಯಾಗಿ ಬರುವ ಆರ್ಡರುಗಳ ಎಣಿಕೆಯಲ್ಲಿ ಸಹಜ ಏರುಪೇರು ಎಷ್ಟಿರುತ್ತದೆ ಎಂದು ಅಂದಾಜಿಸಲು ಸರಾಸರಿಯ ವರ್ಗಮೂಲ ತೆಗೆದರೆ ಸಾಕು. 16ರ ವರ್ಗಮೂಲ 4. ಅದರ ಮೂರರಷ್ಟು ದೂರದಲ್ಲಿ, ಸರಾಸರಿಯ ಮೇಲೊಂದು ಕೆಳಗೊಂದು ಗೆರೆ ಎಳೆದರೆ 28 ಮತ್ತು 4 ಸಿಗುತ್ತವೆ. ಎರಡು ವರ್ಷಗಳಲ್ಲಿ ಒಂದೇ ಒಂದು ಅಂಕಿಯೂ ಈ ಗೆರೆಗಳನ್ನು ದಾಟಿರಲಿಲ್ಲ. 21 ಹುಟ್ಟಿದ್ದು ಯಾವ ವ್ಯವಸ್ಥೆಯಿಂದಲೋ 11 ಹುಟ್ಟಿದ್ದೂ ಅದರಿಂದಲೇ. ಚಪ್ಪಾಳೆಗೂ ಆಧಾರವಿರಲಿಲ್ಲ, ಬೈಗುಳಕ್ಕೂ ಇರಲಿಲ್ಲ. ನಾನು ಆ ನಕ್ಷೆ ಬರೆಯುವ ಹೊತ್ತಿಗೆ ಆ ಸಹೋದ್ಯೋಗಿ ಕೆಲಸ ಬಿಟ್ಟು ಹೋಗಿದ್ದರು.

ಈ ಗೆರೆಗಳು ನನ್ನ ಕಲ್ಪನೆಯಲ್ಲ. 1924ರ ಮೇ 16ರಂದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಸುಮಾರು ಒಂದು ಪುಟದ ಟಿಪ್ಪಣಿ ಬರೆದರು. ಹೀಗೆ ಸರಾಸರಿಯ ಮೇಲೂ ಕೆಳಗೂ ಗೆರೆ ಎಳೆದು ಏರುಪೇರನ್ನು ಓದುವ ನಿಯಂತ್ರಣ ನಕ್ಷೆ ಹುಟ್ಟಿದ್ದು ಅದರಲ್ಲಿ. ಯಾವುದೇ ಪ್ರಕ್ರಿಯೆಯಲ್ಲಿ ಎರಡು ಬಗೆಯ ಏರುಪೇರು ಇರುತ್ತದೆ: ಒಂದು ವ್ಯವಸ್ಥೆಯೊಳಗೇ ಸದಾ ಇರುವಂಥದ್ದು, ಇನ್ನೊಂದು ಹೊರಗಿನಿಂದ ಬಂದು ತಟ್ಟಿದ ವಿಶೇಷ ಕಾರಣದಿಂದ ಆಗುವಂಥದ್ದು. ಎರಡನೆಯದಾದರೆ ಕಾರಣ ಹುಡುಕಬೇಕು. ಮೊದಲನೆಯದಾದರೆ ಆ ತಿಂಗಳ ಕಾರಣ ಎಂಬುದೇ ಇರುವುದಿಲ್ಲ. ಸರಾಸರಿ ಬದಲಾಗಬೇಕಿದ್ದರೆ ವ್ಯವಸ್ಥೆಯನ್ನೇ ಬದಲಿಸಬೇಕು. ಹಾಗೆಂದು ಗೆರೆಯೊಳಗೆ ಇರುವವರೆಗೆ ಕಣ್ಣು ಮುಚ್ಚಿಕೊಂಡಿರಬಹುದು ಎಂದಲ್ಲ. ಸತತ ಎಂಟು ತಿಂಗಳು ಅಂಕಿಗಳು ಸರಾಸರಿಯ ಒಂದೇ ಬದಿಯಲ್ಲಿ ಬಿದ್ದರೆ ಅದನ್ನೂ ಸೂಚನೆ ಎಂದೇ ಓದುತ್ತೇವೆ. ನನ್ನ ಸಿಟ್ಟೆಲ್ಲ ಒಂದು ತಿಂಗಳನ್ನು ಹಿಂದಿನ ತಿಂಗಳ ಜೊತೆ ಹೋಲಿಸಿ ತೀರ್ಪು ಕೊಡುವ ಅಭ್ಯಾಸದ ಮೇಲೆ.

ಈ ಅಭ್ಯಾಸ ನಿರುಪಯುಕ್ತ ಮಾತ್ರವಲ್ಲ, ಹಾನಿಕರ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಒಂದು ಆಲಿಕೆಯ ಪ್ರಯೋಗ ಮಾಡಿ ತೋರಿಸುತ್ತಿದ್ದರು. ಗುರುತು ಮಾಡಿದ ಬಿಂದುವಿನ ಮೇಲೆ ಆಲಿಕೆ ಹಿಡಿದು ಗೋಲಿ ಬೀಳಿಸುವುದು. ಆಲಿಕೆಯನ್ನು ಕದಲಿಸದೆ ಬಿಟ್ಟರೆ ಗೋಲಿಗಳು ಬಿಂದುವಿನ ಸುತ್ತ ಒಂದಿಷ್ಟು ಚದುರುತ್ತವೆ. ಪ್ರತಿ ಸಲ ಗೋಲಿ ಎಷ್ಟು ತಪ್ಪಿತೋ ಅಷ್ಟೇ ದೂರ ಆಲಿಕೆಯನ್ನು ವಿರುದ್ಧ ದಿಕ್ಕಿಗೆ ಸರಿಸಿದರೆ? ಗುರಿ ಹತ್ತಿರವಾಗುವುದಿಲ್ಲ, ಚದುರುವಿಕೆಯ ವ್ಯತ್ಯಯ, ಅಂದರೆ ತಪ್ಪಿದ ದೂರಗಳ ವರ್ಗಗಳ ಸರಾಸರಿ, ಎರಡು ಪಟ್ಟಾಗುತ್ತದೆ. ಪ್ರತಿ ತಿಂಗಳೂ ಪ್ರದೇಶ ಬದಲಿಸುವ, ಬೆಲೆ ಬದಲಿಸುವ, ಪ್ರೋತ್ಸಾಹಧನದ ನಿಯಮ ಬದಲಿಸುವ ವ್ಯವಸ್ಥಾಪಕರು ಮಾಡುತ್ತಿರುವುದು ಇದನ್ನೇ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆ ಶ್ರಮವೇ ಕೆಡುಕು ಮಾಡುತ್ತಿದೆ ಎಂಬುದು ನೋವಿನ ಸಂಗತಿ.

ಇದಕ್ಕೆ ತಡದ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ, ನೀರು ತಣ್ಣಗೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಮೈ ಸುಡುತ್ತದೆ, ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೀರಿ, ಮತ್ತೆ ತಣ್ಣೀರು. ನಲ್ಲಿಗೂ ನಿಮಗೂ ನಡುವಿನ ಕೊಳವೆ ಉದ್ದವಾದಷ್ಟೂ ಈ ಒದ್ದಾಟ ಹೆಚ್ಚು. ತಡ ಹೆಚ್ಚಿರುವ ಪ್ರಕ್ರಿಯೆಯಲ್ಲಿ ಕೈ ಹಗುರವಾಗಿರಬೇಕು ಎಂಬುದು ನಿಯಂತ್ರಣ ಎಂಜಿನಿಯರಿಂಗ್‌ನ ಮೊದಲ ಪಾಠಗಳಲ್ಲಿ ಒಂದು. ಈಗ ಮಾರಾಟಕ್ಕೆ ಬನ್ನಿ. ಗ್ರಾಹಕ ಮೊದಲ ಸಲ ವಿಚಾರಿಸಿದ ದಿನದಿಂದ ಆರ್ಡರ್ ಕೊಡುವವರೆಗೆ ಆರು ತಿಂಗಳು ಹಿಡಿಯುತ್ತದೆ ಎಂದಾದರೆ ಈ ತಿಂಗಳ ಅಂಕಿ ಬಹುಮಟ್ಟಿಗೆ ಅರ್ಧ ವರ್ಷದ ಹಿಂದಿನ ಕೆಲಸದ ಫಲ. ಅದನ್ನು ನೋಡಿ ಇಂದು ಆರು ಜನರನ್ನು ನೇಮಿಸಿಕೊಂಡು, ಮೂರು ತಿಂಗಳಲ್ಲಿ ಫಲ ಕಾಣಲಿಲ್ಲವೆಂದು ಅವರನ್ನು ಮನೆಗೆ ಕಳಿಸುವ ಕಂಪನಿ ತಣ್ಣೀರು ಬಿಸಿನೀರಿನ ನಡುವೆ ಒದ್ದಾಡುತ್ತಿದೆ. ತ್ರೈಮಾಸಿಕದ ಕೊನೆಯ ವಾರದ ಭಾರೀ ರಿಯಾಯಿತಿಯೂ ಇದರದೇ ಸಂತಾನ: ಮುಂದೆ ಹೇಗೂ ಬರಲಿದ್ದ ಎಷ್ಟೋ ಆರ್ಡರುಗಳನ್ನು ಲಾಭ ಬಿಟ್ಟುಕೊಟ್ಟು ಇಂದಿಗೆ ಎಳೆದುಕೊಳ್ಳುವುದು, ಆಮೇಲೆ ಮುಂದಿನ ತಿಂಗಳು ಬರಿದಾಯಿತೆಂದು ಚಿಂತಿಸುವುದು.

ಆರು ತಿಂಗಳು ಎಂದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನನ್ನ ಕಂಪನಿಯಲ್ಲಿ ಯಾರನ್ನು ಕೇಳಿದರೂ ಎರಡು ತಿಂಗಳು ಎನ್ನುತ್ತಿದ್ದರು. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಸ್ಥಿರವಾಗಿ ನಡೆಯುತ್ತಿರುವ ಯಾವುದೇ ವ್ಯವಸ್ಥೆಯಲ್ಲಿ, ಒಳಗಿರುವ ಸರಾಸರಿ ಸಂಖ್ಯೆಯನ್ನು ಅದು ಹಾಯುವ ವೇಗದಿಂದ ಭಾಗಿಸಿದರೆ ಒಳಗೆ ಕಳೆಯುವ ಸರಾಸರಿ ಸಮಯ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಮುಗಿಯದ, ಅಂದರೆ ಗ್ರಾಹಕ ಇನ್ನೂ ಹೌದು ಅಥವಾ ಬೇಡ ಎನ್ನದ ಪ್ರಸ್ತಾವಗಳು 240 ಇದ್ದವು. ಗೆದ್ದದ್ದು, ಸೋತದ್ದು ಎರಡೂ ಸೇರಿ ತಿಂಗಳಿಗೆ 40 ಹೊರಹೋಗುತ್ತಿದ್ದವು. 240 ಭಾಗಿಸು 40, ಆರು. ಬೇಗ ಮುಗಿದ ಗೆಲುವುಗಳು ಮಾತ್ರ ನೆನಪಿನಲ್ಲಿ ಉಳಿದಿದ್ದವು. ಮೂಲೆಯಲ್ಲಿ ಕೊಳೆಯುತ್ತಿದ್ದ ಪ್ರಸ್ತಾವಗಳು ಯಾರ ನೆನಪಿನಲ್ಲೂ ಇರಲಿಲ್ಲ.

ಅಳತೆಯ ಬಗ್ಗೆ ಇನ್ನೂ ಒಂದು ಮಾತು. ಕಾರ್ಖಾನೆಯಲ್ಲಿ ಉಷ್ಣಮಾಪಕವನ್ನು ನಂಬುವ ಮೊದಲು ಅದನ್ನು ಪರೀಕ್ಷಿಸುತ್ತೇವೆ. ಮಾರಾಟದ ಅಳತೆಗೋಲನ್ನು ಹಾಗೆ ಪರೀಕ್ಷಿಸಿದವರನ್ನು ನಾನು ಕಂಡದ್ದು ಬಹಳ ವಿರಳ. ಒಮ್ಮೆ ನಾನು 20 ಪ್ರಸ್ತಾವಗಳ ಕಡತಗಳನ್ನು ಐದು ಜನ ಅನುಭವಿ ಪ್ರತಿನಿಧಿಗಳಿಗೆ ಬೇರೆ ಬೇರೆಯಾಗಿ ಕೊಟ್ಟು, ಪ್ರತಿಯೊಂದೂ ಯಾವ ಹಂತದಲ್ಲಿದೆ ಎಂದು ಬರೆಯಲು ಹೇಳಿದೆ. ಐವರೂ ಒಪ್ಪಿದ್ದು ಏಳರಲ್ಲಿ ಮಾತ್ರ. ಒಬ್ಬರಿಗೆ ಮಾತುಕತೆಯ ಹಂತವಾಗಿ ಕಂಡದ್ದು ಇನ್ನೊಬ್ಬರಿಗೆ ಬರೀ ಕುತೂಹಲವಾಗಿ ಕಂಡಿತು. ಅಂಥ ಅಂಕಿಗಳನ್ನು ಕೂಡಿಸಿ ನಾವು ಮುಂದಿನ ವರ್ಷದ ಉತ್ಪಾದನೆಯನ್ನು ಯೋಜಿಸುತ್ತಿದ್ದೆವು.

ಪರಿಹಾರ ಸರಳವಾಗಿತ್ತು, ಜಾರಿಗೆ ತರುವುದು ಮಾತ್ರ ಕಷ್ಟವಾಯಿತು. ಹಂತಗಳನ್ನು ನಾವು ಏನು ಮಾಡಿದೆವು ಎಂಬುದರ ಮೇಲಲ್ಲ, ಗ್ರಾಹಕ ಏನು ಮಾಡಿದ ಎಂಬುದರ ಮೇಲೆ ನಿರ್ಧರಿಸಿದೆವು. ನಾವು ಕೊಟೇಶನ್ ಕಳಿಸಿದ್ದು ಹಂತವಲ್ಲ. ಗ್ರಾಹಕ ತನ್ನ ತಾಂತ್ರಿಕ ವಿವರಗಳನ್ನು ಲಿಖಿತವಾಗಿ ಕೊಟ್ಟದ್ದು ಹಂತ, ಹಣ ಮಂಜೂರು ಮಾಡುವವರನ್ನು ನಮಗೆ ಭೇಟಿ ಮಾಡಿಸಿದ್ದು ಹಂತ. ಮಾರಾಟ ಕಲೆ, ಮನುಷ್ಯರನ್ನು ಕೊಳವೆಯಲ್ಲಿ ಹರಿಸಲಾಗದು ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರವೂ ಇಲ್ಲೇ ಇದೆ. ಅವರ ಮಾತು ನಿಜ. ಗ್ರಾಹಕ ಕಚ್ಚಾವಸ್ತುವಲ್ಲ, ಕಚ್ಚಾವಸ್ತು ಬೇಡ ಎನ್ನುವುದಿಲ್ಲ, ಗ್ರಾಹಕ ಎನ್ನುತ್ತಾನೆ. ಆದ್ದರಿಂದ ಇಲ್ಲಿ ಹರಿಯುವುದು ಗ್ರಾಹಕನ ನಿರ್ಧಾರ. ನಾವು ಅಳೆಯಬೇಕಾದದ್ದೂ ಅದನ್ನೇ. ಪ್ರತಿನಿಧಿ ದಿನಕ್ಕೆ ಎಷ್ಟು ಫೋನ್ ಮಾಡಿದ ಎಂದು ಅಳೆದರೆ ಫೋನ್ ಕರೆಗಳು ಹೆಚ್ಚುತ್ತವೆ, ಅಷ್ಟೇ.

ಇಳುವರಿಯ ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. ನಾಲ್ಕು ಹಂತಗಳಲ್ಲಿ ಕ್ರಮವಾಗಿ ನೂರಕ್ಕೆ 50, 60, 70, 40 ಪ್ರಸ್ತಾವಗಳು ಮುಂದೆ ಹೋದರೆ ಕೊನೆಗೆ ಉಳಿಯುವುದು ನೂರಕ್ಕೆ 8.4. ಯಾವ ಹಂತವೂ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಗುಣಿಸಿದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ನನಗೆ ಹೆಚ್ಚು ಪ್ರಿಯವಾದ ವಿಷಯ ಅಡಚಣೆಯದು. ಎಲಿಯಾಹು ಗೋಲ್ಡ್‌ರಾಟ್ ಎಂಬ ಇಸ್ರೇಲಿನ ಭೌತವಿಜ್ಞಾನಿ 1980ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು: ಇಡೀ ವ್ಯವಸ್ಥೆಯ ವೇಗವನ್ನು ನಿರ್ಧರಿಸುವುದು ಅದರ ಅತ್ಯಂತ ಇಕ್ಕಟ್ಟಾದ ಜಾಗ. ಉಳಿದ ಕಡೆ ಎಷ್ಟೇ ಸುಧಾರಿಸಿದರೂ ಹರಿವು ಹೆಚ್ಚುವುದಿಲ್ಲ. ನಮ್ಮಲ್ಲಿ ಪ್ರತಿನಿಧಿಗಳ ಸಂಖ್ಯೆ ಎಂಟರಿಂದ ಹನ್ನೆರಡಕ್ಕೆ ಏರಿತ್ತು, ಆರ್ಡರ್ ಮಾತ್ರ ಏರಿರಲಿಲ್ಲ. ಹೊಸಬರು ಸೋಮಾರಿಗಳೆಂಬ ಮಾತು ಹಬ್ಬಿತ್ತು. ನಾನು ಒಂದು ವಾರ ಸುಮ್ಮನೆ ಕಾಗದಗಳ ಹಿಂದೆ ನಡೆದೆ. ಎಲ್ಲ ದಾರಿಗಳೂ ಒಂದೇ ಮೇಜಿಗೆ ಹೋಗಿ ನಿಲ್ಲುತ್ತಿದ್ದವು. ಯಂತ್ರದ ಗಾತ್ರ ಲೆಕ್ಕ ಹಾಕಿ, ವೆಚ್ಚ ಅಂದಾಜಿಸಿ ಕೊಟೇಶನ್ ಸಿದ್ಧಪಡಿಸುವ ಎಂಜಿನಿಯರ್ ಒಬ್ಬರೇ. ಅವರ ಕೆಲಸ ಒಂದು ದಿನದ್ದು, ಕಾಯುವುದು ಮೂರು ವಾರ.

ಅವರು ನಿಧಾನವಾಗಿದ್ದರೇ? ಇಲ್ಲ. ಅವರಿಗೆ ಬಿಡುವೇ ಇರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುವಲ್ಲಿ ಸರದಿಯ ಲೆಕ್ಕ ನಮ್ಮ ಊಹೆಯಂತೆ ನಡೆಯುವುದಿಲ್ಲ. ಸರಳ ಮಾದರಿಯಲ್ಲಿ, ಒಬ್ಬರು ತಮ್ಮ ಸಮಯದ ನೂರಕ್ಕೆ 80ರಷ್ಟು ಕೆಲಸದಲ್ಲಿದ್ದರೆ ಒಂದು ದಿನದ ಕೆಲಸ ಸರಾಸರಿ 4 ದಿನ ಕಾಯುತ್ತದೆ. 90 ಆದರೆ 9 ದಿನ. 95 ಆದರೆ 19 ದಿನ. ಕೊನೆಯ ಐದು ಶೇಕಡಾ ಅಂಶಗಳಿಗಾಗಿ ಹತ್ತು ದಿನ ತೆರುತ್ತೇವೆ, ಅಷ್ಟರಲ್ಲಿ ಗ್ರಾಹಕ ಬೇರೆಯವರ ಬಳಿ ಹೋಗಿರುತ್ತಾನೆ.

ಇನ್ನೊಬ್ಬ ಎಂಜಿನಿಯರನ್ನು ನೇಮಿಸಿ ಎಂಬ ಸಲಹೆ ಕೂಡಲೇ ಬಂತು. ನಾನು ಒಪ್ಪಲಿಲ್ಲ. ಇಕ್ಕಟ್ಟಾದ ಜಾಗವನ್ನು ಅಗಲಿಸುವ ಮೊದಲು ಅಲ್ಲಿ ಏನು ಹಾಯುತ್ತಿದೆ ಎಂದು ನೋಡಬೇಕು. ಹಿಂದಿನ 60 ಕೊಟೇಶನ್‌ಗಳನ್ನು ತೆಗೆದು ನೋಡಿದರೆ 26 ಎಂದಿಗೂ ಕೊಳ್ಳುವ ಸ್ಥಿತಿಯಲ್ಲಿರದವರಿಗೆ ಹೋಗಿದ್ದವು. ಹಣ ಮಂಜೂರಾಗಿಲ್ಲ, ಜಾಗ ಸಿದ್ಧವಿಲ್ಲ, ಕೆಲವರಿಗೆ ಬೇರೆ ಮಾರಾಟಗಾರನ ಬೆಲೆ ಇಳಿಸಲು ಒಂದು ಕಾಗದ ಬೇಕಿತ್ತು. ನಮ್ಮ ಅತ್ಯಂತ ಅಮೂಲ್ಯವಾದ ಗಂಟೆಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹೋಗುತ್ತಿದ್ದವು. ಆ ಮೇಜಿಗೆ ಹೋಗುವ ಮುನ್ನ ಐದು ಪ್ರಶ್ನೆಗಳಿಗೆ ಗ್ರಾಹಕನಿಂದ ಉತ್ತರ ಬಂದಿರಬೇಕು ಎಂಬ ನಿಯಮ ಮಾಡಿದೆವು. ಉತ್ತರವಿಲ್ಲದವರಿಗೆ ಸ್ಥೂಲ ಬೆಲೆಯನ್ನು ಪ್ರತಿನಿಧಿಯೇ ಅಂದೇ ಹೇಳಿಬಿಡುವುದು. ಆ ಎಂಜಿನಿಯರ್ ಬರೆಯುತ್ತಿದ್ದ ಸಾಪ್ತಾಹಿಕ ವರದಿಗಳನ್ನು ಬೇರೆಯವರಿಗೆ ವಹಿಸಿದೆವು. ನಾಲ್ಕು ತಿಂಗಳಲ್ಲಿ ಕಾಯುವ ಸಮಯ ಐದು ದಿನಕ್ಕೆ ಇಳಿಯಿತು. ಹೊಸ ಪ್ರತಿನಿಧಿಗಳು ಸೋಮಾರಿಗಳೆಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಹಾಗೆ ಅಂದದ್ದಕ್ಕೆ ಯಾರೂ ಅವರ ಕ್ಷಮೆಯನ್ನೂ ಕೇಳಲಿಲ್ಲ.

ಈಗ ಈ ಪೆಟ್ಟಿಗೆ. ಇದರಲ್ಲಿ 4000 ಮಣಿಗಳಿವೆ, 3200 ಬಿಳಿ, 800 ಕೆಂಪು. ಇದೂ ಡೆಮಿಂಗ್ ತಮ್ಮ ತರಗತಿಗಳಲ್ಲಿ ಮಾಡಿಸುತ್ತಿದ್ದ ಪ್ರಯೋಗವೇ. ಈ ಹಲಗೆಯಲ್ಲಿ 50 ಕುಳಿಗಳಿವೆ. ಇದನ್ನು ಮಣಿಗಳೊಳಗೆ ಅದ್ದಿ ಎತ್ತಬೇಕು. ಕೆಂಪು ಮಣಿ ಎಂದರೆ ಕೈತಪ್ಪಿದ ಆರ್ಡರ್. ಸರಾಸರಿ 10 ಕೆಂಪು ಬರುತ್ತವೆ, ಒಬ್ಬರಿಗೆ 5 ಬರಬಹುದು, ಇನ್ನೊಬ್ಬರಿಗೆ 15. ನಾನು ಹೆಚ್ಚು ಕೆಂಪು ತಂದವರನ್ನು ಬೈಯುತ್ತೇನೆ, ಕಡಿಮೆ ತಂದವರ ಬೆನ್ನು ತಟ್ಟುತ್ತೇನೆ. ಗುಟ್ಟೆಲ್ಲ ಮೊದಲೇ ಹೇಳಿಬಿಟ್ಟರೆ ಪ್ರಯೋಗ ಕೆಡುವುದಿಲ್ಲವೇ ಎಂದು ಹಲವರು ಕೇಳಿದ್ದಾರೆ. ಕೆಡುವುದಿಲ್ಲ. ಎಲ್ಲ ಗೊತ್ತಿದ್ದೂ, 15 ಕೆಂಪು ಮಣಿ ಎತ್ತಿದವರ ಮುಖ ಬಾಡುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ. ಎರಡನೆಯ ಸರದಿಯಲ್ಲಿ ಅವರು ಹಲಗೆಯನ್ನು ಹೆಚ್ಚು ಜಾಗರೂಕತೆಯಿಂದ, ಬೇರೆ ಕೋನದಲ್ಲಿ ಅದ್ದಲು ನೋಡುತ್ತಾರೆ.

ಆರು ಜನ ಮುಂದೆ ಬನ್ನಿ. ತಿಂಗಳ ಸಭೆ ನಡೆಸುವವರು ಮೊದಲು.